ಐಸ್‌ಕ್ರೀಮ್ ಮಾರಿ ಹಲ್ಲಿನ ಕಾಲೇಜು ಕಟ್ಟಿದ ಡಾ. ಅಹ್ಮದ್: ಕಲ್ಕತ್ತಾದಿಂದ ಕುಂದಗೋಳಕ್ಕೆ ಬಾರದೇ ಉಳಿದದ್ದೇನು?

ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜು ಶುರುವಾಗಿದ್ದು ಐಸ್‌ಕ್ರೀಮ್ ಅಂಗಡಿಯ ದುಡ್ಡಿನಿಂದ ಅಂದರೆ ನಂಬ್ತೀರಾ? ನಾನೂ ಮೊದಲು ನಂಬಿರಲಿಲ್ಲ. 1920ರಲ್ಲಿ ಕಲ್ಕತ್ತಾದಲ್ಲಿ, ಇನ್ನೂ ಮೂವತ್ತು ತುಂಬದ ರಫಿಯುದ್ದೀನ್ ಅಹ್ಮದ್ ಎಂಬ ಹಲ್ಲಿನ ಡಾಕ್ಟರು ನ್ಯೂಯಾರ್ಕ್ ಸೋಡಾ ಫೌಂಟನ್ ಅನ್ನೋ ಅಂಗಡಿ ಇಟ್ಟು, ಅದರ ಗಳಿಕೆಯನ್ನು ಕಾಲೇಜಿಗೆ ಹಾಕಿದರು. ಹಲ್ಲು ಹಾಳು ಮಾಡುವ ಸಿಹಿ ಮಾರಿ ಹಲ್ಲು ಉಳಿಸುವ ವಿದ್ಯೆ ಕಲಿಸಿದ ಮನುಷ್ಯ. ಅವರಿಗೇ ಇದು ತಮಾಷೆ ಅನ್ನಿಸಿತ್ತೋ ಏನೋ.

ನಾನು ಇವರ ಬೆನ್ನು ಹತ್ತಿದ್ದು ನಮ್ಮ ಅಜ್ಜಿಯಿಂದಾಗಿ. ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿಗೆ ಅರವತ್ತು ಆಗೋ ಹೊತ್ತಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಮ್ಮ ಕಡೆ ಊಟ ಅಂದರೆ ಜೋಳದ ರೊಟ್ಟಿ, ಅದರಲ್ಲೂ ಕಟಕ ರೊಟ್ಟಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಹಕ್ಕರಕಿ, ಶೇಂಗಾ ಚಟ್ನಿ. ಹಲ್ಲಿಲ್ಲದವರಿಗೆ ಇದ್ಯಾವುದೂ ಸಿಗೋದಿಲ್ಲ. ಅಜ್ಜಿ ರೊಟ್ಟಿ ಮುರಿದು ಬ್ಯಾಳಿಯಲ್ಲೋ ಹಾಲಿನಲ್ಲೋ ನೆನೆಹಾಕಿ, ಅದು ಮೆತ್ತಗಾಗುವ ತನಕ ತಾಟಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಅವಳದು ಶುರು. ಆಕೆಯ ಹಲ್ಲುಗಳೆಲ್ಲ ಒಂದೊಂದಾಗಿ ನೋವು ತಿಂದು, ಒಂದೊಂದಾಗಿ ಕೀಳಿಸಿಕೊಂಡು ಹೋದವು. ಕೆಲವನ್ನು ಹುಬ್ಬಳ್ಳಿಯಲ್ಲಿ ಡಾಕ್ಟರು ಕಿತ್ತರು, ಕೆಲವನ್ನು ಸಂತೆಯಲ್ಲಿ ಕೂತವನು ಕಿತ್ತ. ತೂತು ಬಿದ್ದ ಹಲ್ಲನ್ನು ತುಂಬಿಸಿ ಉಳಿಸಿಕೊಳ್ಳಬಹುದು ಅನ್ನೋದು ಆಕೆಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಈಗ ಇನ್ನೊಂದು ಲೆಕ್ಕ ಕೇಳಿ. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯ ನಮ್ಮದು. ಧಾರವಾಡ ಜಿಲ್ಲೆಯಲ್ಲೇ, ಹುಬ್ಬಳ್ಳಿ-ಧಾರವಾಡದ ನಡುವಿನ ಸತ್ತೂರಿನಲ್ಲಿ, 1986ರಿಂದ ದೊಡ್ಡದೊಂದು ದಂತ ಕಾಲೇಜಿದೆ. ಅಂದರೆ ಅಜ್ಜಿಯ ಹಲ್ಲುಗಳು ಹೋಗುತ್ತಿದ್ದ ವರ್ಷಗಳಲ್ಲೇ, ನಮ್ಮೂರಿಂದ ಎರಡು ಬಸ್ಸಿನ ದೂರದಲ್ಲಿ ನೂರಾರು ಹುಡುಗ ಹುಡುಗಿಯರು ಹಲ್ಲು ತುಂಬುವುದನ್ನು ಕಲಿಯುತ್ತಿದ್ದರು. ಈ ಎರಡರ ನಡುವಿನ ದಾರಿ ಎಲ್ಲಿ ಕಡಿದುಹೋಯಿತು? ಇದನ್ನು ಹುಡುಕುತ್ತಾ ಹಿಂದೆ ಹಿಂದೆ ಹೋದಾಗ ಸಿಕ್ಕವರೇ ಡಾ. ಆರ್. ಅಹ್ಮದ್. ಭಾರತೀಯ ದಂತವೈದ್ಯಕೀಯದ ಪಿತಾಮಹ ಅಂತ ಪಠ್ಯಪುಸ್ತಕಗಳು ಇವರನ್ನು ಕರೆಯುತ್ತವೆ. ಬಿಡಿಎಸ್ ಓದಿದವರಿಗೆಲ್ಲ ಗೊತ್ತು, ಉಳಿದವರಿಗೆ ಹೆಚ್ಚು ಗೊತ್ತಿಲ್ಲ.

ಅಹ್ಮದ್ ಹುಟ್ಟಿದ್ದು 1890ರ ಡಿಸೆಂಬರ್ 24ರಂದು, ಈಗ ಬಾಂಗ್ಲಾದೇಶದಲ್ಲಿರುವ ಬರ್ಧನ್‌ಪಾರಾ ಎಂಬ ಊರಲ್ಲಿ. ಢಾಕಾದ ಮದ್ರಸಾದಲ್ಲಿ ಓದು, ಆಮೇಲೆ ಅಲಿಗಢ. ಅಷ್ಟು ಓದಿದ ಹುಡುಗನಿಗೆ ಆಗ ತೆರೆದಿದ್ದ ದಾರಿಗಳು ವಕೀಲಿಕೆ, ಸರ್ಕಾರಿ ನೌಕರಿ, ಹೆಚ್ಚೆಂದರೆ ಡಾಕ್ಟರಿಕೆ. ಹಲ್ಲಿನ ಡಾಕ್ಟರಿಕೆ ಅನ್ನೋ ಪದವೇ ಇಲ್ಲಿ ಇರಲಿಲ್ಲ. ಹಲ್ಲು ನೋವಾದರೆ ಕ್ಷೌರಿಕನ ಹತ್ತಿರ, ಸಂತೆಯಲ್ಲಿ ಪುಡಿ ಮಾರುವವನ ಹತ್ತಿರ, ಕಲ್ಕತ್ತಾದಂಥ ಊರಲ್ಲಿ ಚೀನೀ ದಂತವೈದ್ಯರ ಅಂಗಡಿಗೆ. ದುಡ್ಡಿದ್ದ ಬಿಳಿಯರಿಗೆ ವಿಲಾಯತಿಯಲ್ಲಿ ಕಲಿತು ಬಂದವರು. ಕಲಿಸುವ ಒಂದು ಕಾಲೇಜೂ ಈ ದೇಶದಲ್ಲಿ ಇರಲಿಲ್ಲ.

ಅಹ್ಮದ್ ಅಮೆರಿಕಕ್ಕೆ ಹೋದರು. ಅಯೋವಾ ವಿಶ್ವವಿದ್ಯಾಲಯದಿಂದ 1915ರಲ್ಲಿ ದಂತವೈದ್ಯಕೀಯ ಪದವಿ. ಅಲ್ಲಿಂದ ಬಾಸ್ಟನ್‌ನ ಫಾರ್ಸಿತ್ ಮಕ್ಕಳ ದಂತ ಚಿಕಿತ್ಸಾಲಯದಲ್ಲಿ 1918ರವರೆಗೆ ಕೆಲಸ. ಇವರ ಬಗ್ಗೆ ಬರೆಯುವವರು ಈ ಫಾರ್ಸಿತ್ ಅನ್ನು ಒಂದು ಸಾಲಿನಲ್ಲಿ ದಾಟಿ ಹೋಗ್ತಾರೆ. ನನಗೆ ಇಡೀ ಕತೆಯಲ್ಲಿ ಇದೇ ಮುಖ್ಯ ಅನ್ನಿಸಿದೆ, ಅದಕ್ಕೇ ಸ್ವಲ್ಪ ನಿಂತು ನೋಡೋಣ.

ಫಾರ್ಸಿತ್ ಬಾಗಿಲು ತೆರೆದದ್ದು 1914ರಲ್ಲಿ. ಫಾರ್ಸಿತ್ ಮನೆತನದ ಅಣ್ಣತಮ್ಮಂದಿರು ಕೊಟ್ಟ ಹಣದಿಂದ ಕಟ್ಟಿದ ಅಮೃತಶಿಲೆಯ ಕಟ್ಟಡ, ಒಳಗೆ ಸಾಲು ಸಾಲು ಕುರ್ಚಿ. ಬಾಸ್ಟನ್‌ನ ಬಡ ಮಕ್ಕಳ ಹಲ್ಲು ನೋಡುವುದೇ ಅದರ ಕೆಲಸ. ವಲಸೆ ಬಂದವರ ಮಕ್ಕಳು, ಗಿರಣಿ ಕೆಲಸದವರ ಮಕ್ಕಳು. ನೋವು ಬಂದಮೇಲೆ ಕೀಳುವ ಬದಲು, ನೋವು ಬರುವ ಮೊದಲೇ ನೋಡಿ ತೊಳೆದು ತುಂಬಿ ಕಳಿಸುವುದು ಅಲ್ಲಿನ ಪದ್ಧತಿ. 1916ರಲ್ಲಿ, ಅಂದರೆ ಅಹ್ಮದ್ ಅಮೆರಿಕದಲ್ಲಿದ್ದಾಗಲೇ, ಫಾರ್ಸಿತ್ ಇನ್ನೊಂದು ಕೆಲಸ ಮಾಡಿತು: ಡೆಂಟಲ್ ಹೈಜೀನಿಸ್ಟ್‌ಗಳಿಗೆ ತರಬೇತಿ ಶಾಲೆ ತೆರೆಯಿತು. ಪೂರ್ತಿ ಡಾಕ್ಟರಾಗದೆ, ಕಡಿಮೆ ಅವಧಿಯಲ್ಲಿ ಹಲ್ಲು ಸ್ವಚ್ಛ ಮಾಡುವುದು, ಹುಳುಕು ಗುರುತಿಸುವುದು, ಮಕ್ಕಳಿಗೆ ಹೇಳಿಕೊಡುವುದು ಇಷ್ಟನ್ನು ಕಲಿತ ಹೆಣ್ಣುಮಕ್ಕಳು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ 1913ರಲ್ಲಿ ಇಂಥ ಮೊದಲ ತರಬೇತಿ ಶುರು ಮಾಡಿ, ಅವರನ್ನು ಸರ್ಕಾರಿ ಶಾಲೆಗಳಿಗೆ ಕಳಿಸಿದ್ದರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ. ಹೋಲಿಕೆ ಪೂರ್ತಿ ಸರಿಯಿಲ್ಲ, ಆದರೆ ಯೋಚನೆಯ ಜಾತಿ ಅದೇ.

1919ರಲ್ಲಿ ಅಹ್ಮದ್ ವಾಪಸ್ ಬಂದರು. ಪ್ರಾಕ್ಟೀಸ್ ಇಟ್ಟಿದ್ದರೆ ಬಿಳಿಯರ ಮತ್ತು ಜಮೀನ್ದಾರರ ಹಲ್ಲು ನೋಡಿ ಆರಾಮಾಗಿ ಇರಬಹುದಿತ್ತು. ಮರುವರ್ಷವೇ ಕಲ್ಕತ್ತಾ ಡೆಂಟಲ್ ಕಾಲೇಜ್ ತೆರೆದರು. ಐಸ್‌ಕ್ರೀಮ್ ಅಂಗಡಿ ಬಂದದ್ದು ಇದಕ್ಕೇ. ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳು ಬೆರಳೆಣಿಕೆ. ಹಲ್ಲು ಕೀಳೋದಕ್ಕೆ ಕಾಲೇಜು ಯಾಕೆ ಅನ್ನುವ ಕಾಲ. ಸರ್ಕಾರ ಹಣ ಕೊಡಲಿಲ್ಲ ಅಂತ ಧರಣಿ ಕೂರಲಿಲ್ಲ, ಸೇಠುಗಳ ಮನೆ ಬಾಗಿಲಿಗೂ ಕಾಯಲಿಲ್ಲ. ಸೋಡಾ, ಐಸ್‌ಕ್ರೀಮ್ ಮಾರಿದರು. ಇದನ್ನು ಸ್ಟಾರ್ಟಪ್ ಕತೆ ಮಾಡಿ ಹೇಳಬೇಡಿ ದಯವಿಟ್ಟು. ಸ್ಟಾರ್ಟಪ್ ಕಟ್ಟುವವರು ಕೊನೆಗೆ ಅದನ್ನು ಮಾರುತ್ತಾರೆ. ಇವರು ಕೊನೆಗೆ ಏನು ಮಾಡಿದರು ಅಂತ ಮುಂದೆ ನೋಡಿ.

ಆ ಆರಂಭದ ಕೆಲವೇ ವಿದ್ಯಾರ್ಥಿಗಳಲ್ಲಿ ಫಾತಿಮಾ ಜಿನ್ನಾ ಒಬ್ಬರು. ಹೌದು, ಮಹಮ್ಮದ್ ಅಲಿ ಜಿನ್ನಾರ ತಂಗಿ. ಓದು ಮುಗಿಸಿ 1923ರಲ್ಲಿ ಬಾಂಬೆಯಲ್ಲಿ ಕ್ಲಿನಿಕ್ ತೆರೆದರು, ಜೊತೆಗೆ ಧೋಬಿ ತಲಾವ್‌ನ ಮುನಿಸಿಪಲ್ ಕ್ಲಿನಿಕ್‌ನಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿದರು. ಆಗ ಧಾರವಾಡ ಜಿಲ್ಲೆಯೂ ಬಾಂಬೆ ಪ್ರಾಂತ್ಯದ್ದೇ. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಾಜಧಾನಿಯಲ್ಲಿ ಮುನಿಸಿಪಾಲ್ಟಿ ಕ್ಲಿನಿಕ್ಕಿಗೆ ಹೆಣ್ಣುಮಗಳೊಬ್ಬಳು ಹೋಗಿ ಬಡವರ ಹಲ್ಲು ನೋಡುತ್ತಿದ್ದ ಹೊತ್ತಿಗೆ ನಮ್ಮ ಕಡೆ ಬೇವಿನ ಕಡ್ಡಿ, ಇದ್ದಲಿ ಪುಡಿ, ಸಂತೆಯ ಇಕ್ಕಳ.

1925ರಲ್ಲಿ ಅಹ್ಮದ್ ದಂತವೈದ್ಯಕೀಯದ ಪತ್ರಿಕೆ ಶುರು ಮಾಡಿದರು, 1946ರವರೆಗೂ ತಾವೇ ಸಂಪಾದಕರು. ಬಂಗಾಳದ ದಂತವೈದ್ಯರ ಸಂಘ ಕಟ್ಟಿದರು. 1928ರಲ್ಲಿ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆದರು. ಕಲ್ಕತ್ತಾ ಕಾರ್ಪೊರೇಷನ್‌ನ ಸದಸ್ಯರಾದರು. ಕಾಲೇಜು, ಪತ್ರಿಕೆ, ಸಂಘ, ಪುಸ್ತಕ, ಎಲ್ಲವನ್ನೂ ಒಬ್ಬನೇ ಮನುಷ್ಯ ನಿಂತು ಮಾಡುತ್ತಿದ್ದ ಕಾಲ. ಆಮೇಲೆ ಕಾನೂನಿನ ಹಿಂದೆ ಬಿದ್ದರು. 1939ರಲ್ಲಿ ಬಂಗಾಳದ ದಂತವೈದ್ಯರ ಕಾಯ್ದೆ ಬಂತು. ಅದೇ ಒತ್ತಾಯ ಮುಂದುವರಿದು 1948ರಲ್ಲಿ ಇಡೀ ದೇಶಕ್ಕೆ ದಂತವೈದ್ಯರ ಕಾಯ್ದೆ ಆಯಿತು. ಮರುವರ್ಷ ಭಾರತೀಯ ದಂತ ಪರಿಷತ್ತು.

ಆ ಹೊತ್ತಿನ ಪರಿಸ್ಥಿತಿ ಗೊತ್ತಾಗಬೇಕಾದರೆ ಭೋರ್ ಸಮಿತಿಯ 1946ರ ವರದಿ ನೋಡಬೇಕು. ಸುಮಾರು ಮೂರು ಲಕ್ಷ ಜನಕ್ಕೆ ಒಬ್ಬ ದಂತವೈದ್ಯ! ಇಂಥ ಸ್ಥಿತಿಯಲ್ಲಿ ಓದದವರು ಹಲ್ಲು ಮುಟ್ಟಬಾರದು ಅಂತ ಏಕಾಏಕಿ ಹೇಳಿದರೆ ಹಳ್ಳಿಯವರ ಗತಿಯೇನು? ಕಾಯ್ದೆ ಒಂದು ರಾಜಿ ಮಾಡಿಕೊಂಡಿತು. ನೋಂದಣಿಯ ಪುಸ್ತಕವನ್ನು ಎ ಮತ್ತು ಬಿ ಅಂತ ಎರಡು ಭಾಗ ಮಾಡಿ, ಪದವಿ ಇದ್ದವರನ್ನು ಎ ಭಾಗದಲ್ಲಿ, ಪದವಿ ಇಲ್ಲದಿದ್ದರೂ ಕನಿಷ್ಠ ಐದು ವರ್ಷದಿಂದ ಇದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವರನ್ನು ಬಿ ಭಾಗದಲ್ಲಿ ಸೇರಿಸಿತು. ಇದನ್ನು ಬಯ್ಯುವವರು ಇದ್ದಾರೆ. ನನಗಂತೂ ಇದು ನೆಲದ ಮೇಲೆ ಕಾಲಿಟ್ಟು ಮಾಡಿದ ಕಾನೂನು ಅನ್ನಿಸುತ್ತೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಬಾಗಿಲಿತ್ತು. ಡೆಂಟಲ್ ಹೈಜೀನಿಸ್ಟ್‌ಗಳಿಗೂ, ಹಲ್ಲಿನ ಸೆಟ್ ಮಾಡುವ ಮೆಕ್ಯಾನಿಕ್‌ಗಳಿಗೂ ಪ್ರತ್ಯೇಕ ನೋಂದಣಿ. ಫಾರ್ಸಿತ್‌ನ ಆ ಹೆಣ್ಣುಮಕ್ಕಳಿಗೆ ಇಲ್ಲಿನ ಕಾನೂನಿನಲ್ಲೂ 1948ರಲ್ಲೇ ಜಾಗ ಇತ್ತು. ಇದು ನನಗೆ ಗೊತ್ತಾದಾಗ ನಿಜಕ್ಕೂ ಬೇಜಾರಾಯಿತು. ನ್ಯೂಜಿಲೆಂಡ್ ನೋಡಿ: 1921ರಲ್ಲೇ ಶಾಲಾ ಡೆಂಟಲ್ ನರ್ಸ್‌ಗಳ ತರಬೇತಿ ಶುರು ಮಾಡಿತು. ಎರಡು ವರ್ಷದ ಕಲಿಕೆ, ಆಮೇಲೆ ಶಾಲೆಯಲ್ಲೇ ಪುಟ್ಟ ಕ್ಲಿನಿಕ್. ಹಳ್ಳಿ ಮಕ್ಕಳ ಹಲ್ಲು ತುಂಬಲು ಡಾಕ್ಟರು ಬರುವ ತನಕ ಕಾಯಲಿಲ್ಲ. ನಮ್ಮಲ್ಲಿ ಕಾನೂನಿನಲ್ಲಿ ಕಾಲಂ ಇತ್ತು, ಊರಲ್ಲಿ ಹುದ್ದೆ ಇರಲಿಲ್ಲ.

1949ರಲ್ಲಿ ಅಹ್ಮದ್ ತಮ್ಮ ಕಾಲೇಜನ್ನು ಪಶ್ಚಿಮ ಬಂಗಾಳ ಸರ್ಕಾರಕ್ಕೆ ದಾನವಾಗಿ ಕೊಟ್ಟರು. ಮೂವತ್ತು ವರ್ಷ ಬೆಳೆಸಿದ ಸಂಸ್ಥೆ. ಮಾರಲಿಲ್ಲ, ಟ್ರಸ್ಟ್ ಮಾಡಿ ಮನೆಯವರ ಕೈಲಿ ಇಟ್ಟುಕೊಳ್ಳಲಿಲ್ಲ. ಕರ್ನಾಟಕದಲ್ಲಿ ಕೂತು ಇದನ್ನು ಓದುವಾಗ ಸ್ವಲ್ಪ ಕೆಮ್ಮು ಬರುತ್ತೆ. ನಮ್ಮಲ್ಲಿ ಮೊದಲ ಸರ್ಕಾರಿ ದಂತ ಕಾಲೇಜು ಬೆಂಗಳೂರಿನಲ್ಲಿ ಬಂದದ್ದು 1958ರಲ್ಲಿ. ಆಮೇಲೆ ಸರ್ಕಾರ ನಿಧಾನವಾಯಿತು, ಖಾಸಗಿಯವರು ಓಡಿದರು. ಕ್ಯಾಪಿಟೇಷನ್ ಶುಲ್ಕ ತಡೆಯಲು 1984ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 1992ರ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದದ್ದೂ ನಮ್ಮ ರಾಜ್ಯದಿಂದಲೇ. ನಾನು ಓದಿದ್ದು ಇಂಜಿನಿಯರಿಂಗ್. ಕಾಲೇಜುಗಳ ಸಂಖ್ಯೆಗೂ ಊರಿನ ಅಗತ್ಯಕ್ಕೂ ಸಂಬಂಧ ಇಲ್ಲದ ಕತೆ ನಮಗೆ ಹೊಸದಲ್ಲ. ಲಕ್ಷಗಟ್ಟಲೆ ಕೊಟ್ಟು ಬಿಡಿಎಸ್ ಮುಗಿಸಿದ ಹುಡುಗಿ ಕಲಘಟಗಿಯಲ್ಲಿ ಕ್ಲಿನಿಕ್ ಹಾಕ್ತಾಳೆ ಅಂತ ಹೇಗೆ ನಿರೀಕ್ಷಿಸ್ತೀರಿ? ಕುರ್ಚಿಗೆ, ಎಕ್ಸ್‌ರೇಗೆ ಸಾಲ ಮಾಡಬೇಕು. ಅದನ್ನು ತೀರಿಸಲು ರೂಟ್ ಕೆನಾಲ್ ಮಾಡಿಸಿಕೊಳ್ಳುವ ಗಿರಾಕಿ ಬೇಕು. ಅವರು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇದ್ದಾರೆ.

ಮತ್ತೆ ಅಹ್ಮದ್ ಕಡೆಗೆ ಬರೋಣ. ಕಾಲೇಜು ಕೊಟ್ಟ ಮರುವರ್ಷ ಮಂತ್ರಿಯಾದರು. ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಸ್ವತಃ ಹೆಸರುವಾಸಿ ಡಾಕ್ಟರು. ದೇಶ ಒಡೆದಿದೆ, ಅಹ್ಮದ್ ಹುಟ್ಟಿದ ಊರು ಗಡಿಯಾಚೆ ಹೋಗಿದೆ, ಅವರ ಶಿಷ್ಯೆ ಫಾತಿಮಾ ಕರಾಚಿಯಲ್ಲಿದ್ದಾರೆ. ಅಹ್ಮದ್ ಇಲ್ಲೇ ಉಳಿದರು. 1950ರಿಂದ 1962ರವರೆಗಿನ ಹನ್ನೆರಡು ವರ್ಷದಲ್ಲಿ ಕೃಷಿ, ಸಮುದಾಯ ಅಭಿವೃದ್ಧಿ, ಸಹಕಾರ, ಪರಿಹಾರ ಮತ್ತು ಪುನರ್ವಸತಿ ಖಾತೆಗಳು ಅವರ ಪಾಲಿಗೆ ಬಂದವು. ಎಲ್ಲವೂ ಹಳ್ಳಿಗೆ, ಬಡವರಿಗೆ ಸೇರಿದ ಖಾತೆಗಳು. ದೇಶದಲ್ಲಿ ಹಲ್ಲಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಬಲ್ಲ ಮನುಷ್ಯನ ಕೈಯಲ್ಲಿ ಹಳ್ಳಿಯ ಇಲಾಖೆಗಳಿದ್ದವು. ಆದರೂ ಬಂಗಾಳದ ಹಳ್ಳಿ ಶಾಲೆಗಳಲ್ಲಿ ಒಂದು ಫಾರ್ಸಿತ್ ಹುಟ್ಟಲಿಲ್ಲ.

ಇದಕ್ಕೆ ಅವರೊಬ್ಬರನ್ನೇ ದೂರೋದು ಸರಿಯಲ್ಲ. ಹೊಟ್ಟೆಗೆ ಅನ್ನವಿಲ್ಲದ, ಗಡಿ ದಾಟಿ ಬಂದವರು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತಿದ್ದ ಕಾಲ ಅದು. ಹಲ್ಲಿನ ಮಾತು ಎತ್ತಿದರೆ ನಕ್ಕಿರೋರು. ಹಾಗಂತ ಆ ಸರ್ಕಾರವನ್ನು ಪೂರ್ತಿ ಹೊಗಳೋದಕ್ಕೂ ಆಗೋದಿಲ್ಲ. 1959ರ ಆಹಾರ ಚಳವಳಿಯ ಮೇಲೆ ಪೊಲೀಸರನ್ನು ಬಿಟ್ಟದ್ದು ಇವರು ಮಂತ್ರಿಯಾಗಿದ್ದ ಸರ್ಕಾರವೇ. ದೊಡ್ಡವರ ಜೀವನ ಬರೆಯುವಾಗ ಇಂಥವನ್ನು ಬಿಟ್ಟುಬಿಡೋ ಅಭ್ಯಾಸ ನಮಗಿದೆ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅಹ್ಮದ್ ಅಮೆರಿಕದಲ್ಲಿ ಎರಡು ವಿಷಯ ನೋಡಿದ್ದರು. ಅಯೋವಾದಲ್ಲಿ ದಂತವೈದ್ಯರನ್ನು ತಯಾರು ಮಾಡುವ ಕಾಲೇಜು. ಬಾಸ್ಟನ್‌ನಲ್ಲಿ ಬಡ ಮಕ್ಕಳ ಬಾಯಿಗೆ ಆ ವಿದ್ಯೆಯನ್ನು ತಲುಪಿಸುವ ವ್ಯವಸ್ಥೆ. ಭಾರತಕ್ಕೆ ಮೊದಲನೆಯದು ಬಂತು, ಬೆಳೆಯಿತು, ಈಗ ಮುನ್ನೂರು ದಾಟಿದೆ. ಎರಡನೆಯದು ಕಾಯ್ದೆಯ ಒಂದು ಕಲಮಿನಲ್ಲಿ ಉಳಿಯಿತು. ವೃತ್ತಿ ಕಟ್ಟಿದರೆ ಸೇವೆ ತಾನಾಗೇ ಹಳ್ಳಿಗೆ ಹರಿಯುತ್ತೆ ಅಂತ ಆ ತಲೆಮಾರು ನಂಬಿತ್ತು ಅನ್ನಿಸುತ್ತೆ. ಹರಿಯಲಿಲ್ಲ. ಮಲಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಾನಾಗೇ ಬರೋದಿಲ್ಲ ಅಂತ ನವಲಗುಂದದ ರೈತರಿಗೆ ಗೊತ್ತು.

ಇವತ್ತಿನ ಸ್ಥಿತಿ ಹೀಗಿದೆ. ಹಲ್ಲಿನ ಸರ್ಕಾರಿ ಡಾಕ್ಟರು ಸಿಗುವುದು ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ನಿಗದಿತ ಸಿಬ್ಬಂದಿಯಲ್ಲಿ ದಂತವೈದ್ಯರಿಲ್ಲ. ನವಲಗುಂದದ ಕಡೆಯ ಹಳ್ಳಿಯಿಂದ ಸತ್ತೂರಿಗೆ ಹೋಗಬೇಕಾದರೆ ಮೊದಲು ನವಲಗುಂದ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ಅಣ್ಣಿಗೇರಿಯವರು ಗದಗ ರಸ್ತೆ ಹಿಡಿದು ಬರಬೇಕು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ಇಲ್ಲ. ಆ ದಿನದ ಕೂಲಿ ಮಾತ್ರ ಹೋಗುತ್ತೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹಂಗಾಮಿನಲ್ಲಿ ಯಾರು ಹೋಗ್ತಾರೆ? ರೂಟ್ ಕೆನಾಲ್ ಮಾಡಿಸಿ ಹಲ್ಲು ಉಳಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ಸಲ ಬರಬೇಕು. ಕೀಳಲು ಒಂದು ಸಲ ಸಾಕು. ಅದಕ್ಕೇ ಕೀಳಿಸ್ತಾರೆ. ಇದನ್ನು ಅರಿವಿನ ಕೊರತೆ ಅಂತ ಸೆಮಿನಾರಿನಲ್ಲಿ ಹೇಳೋರಿಗೆ ನಾನು ಹೇಳೋದು ಇಷ್ಟೇ: ಅವರ ಲೆಕ್ಕ ಸರಿಯಾಗೇ ಇದೆ.

ಇನ್ನು ತಂಬಾಕು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಶೇ. 16.3 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆ. ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧ. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಮಾರಾಟ ನಡೆದೇ ಇದೆ. ಕಳೆ ತೆಗೆಯುವ ಹೆಂಗಸರು ಹಸಿವು ತಡೆಯಲು ಎಲೆ ಅಡಿಕೆಗೆ ತಂಬಾಕು ಸೇರಿಸಿ ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ. ಬಾಯಿ ಪೂರ್ತಿ ತೆರೆಯದಂತಾಗುವುದು, ಒಳಗಡೆ ಬಿಳಿ ಮಚ್ಚೆ ಬರುವುದು ಕ್ಯಾನ್ಸರಿನ ಮುನ್ಸೂಚನೆ. ಆಗಲೇ ಒಬ್ಬರು ಬಾಯಿ ತೆರೆಸಿ ನೋಡಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ನೋಡಲು ಎಂಡಿಎಸ್ ಬೇಕಿಲ್ಲ. ಬೆಳಕು, ಕಣ್ಣು, ಒಂದಿಷ್ಟು ತರಬೇತಿ ಸಾಕು. ಫಾರ್ಸಿತ್‌ನ ಹೆಣ್ಣುಮಕ್ಕಳು ಮಾಡುತ್ತಿದ್ದಂಥ ಕೆಲಸ.

ಏನೂ ಆಗಿಲ್ಲ ಅಂತಲ್ಲ. ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ತಂದಿತು. ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014ರಿಂದ ಇದೆ. ದಂತ ಕಾಲೇಜುಗಳು ಹಳ್ಳಿಗಳಲ್ಲಿ ಕ್ಯಾಂಪ್ ಮಾಡುತ್ತವೆ, ಬ್ರಷ್ ಹಂಚುತ್ತವೆ, ಚೀಟಿ ಬರೆದು ಕೊಡುತ್ತವೆ. ಆ ಚೀಟಿ ಹಿಡಿದು ಎಷ್ಟು ಜನ ಸತ್ತೂರಿನ ಬಸ್ಸು ಹತ್ತುತ್ತಾರೆ ಅನ್ನೋದು ಬೇರೆ ಮಾತು. ಹಲ್ಲೆಲ್ಲ ಹೋದ ಮೇಲೆ ಸೆಟ್ ಕೊಡೋ ಯೋಜನೆಗೆ ಹೆಸರಿದೆ, ಪೋಸ್ಟರಿದೆ. ಹಲ್ಲು ಹೋಗದಂತೆ ನೋಡಿಕೊಳ್ಳೋ ಕೆಲಸಕ್ಕೆ ಊರಲ್ಲಿ ಆಳಿಲ್ಲ. ಫ್ಲೋರೈಡ್ ಟೂತ್‌ಪೇಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಶಾಲೆಯಲ್ಲಿ ಮೊಟ್ಟೆ, ಹಾಲು, ಮಾತ್ರೆ ಕೊಡುವ ಸರ್ಕಾರಕ್ಕೆ ಒಂದು ಪೇಸ್ಟು ಭಾರವೇ? ಅಹ್ಮದ್ ಹೋರಾಡಿ ತಂದ 1948ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ. ಪರಿಷತ್ತು ಹೋಗಿ ಆಯೋಗ ಬರುತ್ತೆ ಅನ್ನೋದು ಸುದ್ದಿಯಾಯಿತು. ಹಳ್ಳಿಗೆ ಹೈಜೀನಿಸ್ಟ್ ಬರ್ತಾರಾ ಅಂತ ಯಾರೂ ಕೇಳಲಿಲ್ಲ.

ನಾವೂ ಕೇಳಲಿಲ್ಲ. 1980ರಲ್ಲಿ ನೀರಿನ ಕರದ ವಿರುದ್ಧ ನವಲಗುಂದ ಎದ್ದು ನಿಂತಾಗ ರಾಜ್ಯದ ರಾಜಕೀಯವೇ ಅಲುಗಿತು. ಕಳಸಾ-ಬಂಡೂರಿಗಾಗಿ ಇದೇ ತಾಲ್ಲೂಕುಗಳ ಜನ ವರ್ಷಗಟ್ಟಲೆ ಬೀದಿಯಲ್ಲಿ ಕೂತರು. ಹೋರಾಟ ಗೊತ್ತಿಲ್ಲದ ನೆಲ ಇದಲ್ಲ. ಹಲ್ಲು ಮಾತ್ರ ಯಾವ ಮನವಿ ಪತ್ರದಲ್ಲೂ ಬರೋದಿಲ್ಲ. ಹಲ್ಲು ನೋವು ಅವರವರ ಮನೆಯ ಸಂಕಟ ಅಂತ ಬಿಟ್ಟುಬಿಟ್ಟಿದ್ದೇವೆ. ಲವಂಗ ಇಟ್ಟುಕೋ, ಉಪ್ಪು ನೀರು ಮುಕ್ಕಳಿಸು, ಆಗದಿದ್ದರೆ ಕೀಳಿಸು.

ಅಹ್ಮದ್ ಅವರಿಗೆ 1964ರಲ್ಲಿ ಪದ್ಮಭೂಷಣ ಬಂತು. ಮರುವರ್ಷ ತೀರಿಕೊಂಡರು. ಅವರು ಕೊಟ್ಟ ಕಾಲೇಜು ಈಗಲೂ ಕಲ್ಕತ್ತಾದಲ್ಲಿ ಅವರದೇ ಹೆಸರಿನಲ್ಲಿ, ಸರ್ಕಾರಿ ಆಸ್ಪತ್ರೆಯಾಗಿ ನಡೆಯುತ್ತಿದೆ. ಡಿಸೆಂಬರ್ 24 ಬಂದರೆ ದಂತ ಕಾಲೇಜುಗಳಲ್ಲಿ ಅವರ ಫೋಟೋಗೆ ಹಾರ ಹಾಕಿ ದಂತವೈದ್ಯರ ದಿನ ಆಚರಿಸುತ್ತಾರೆ.

ಅಜ್ಜಿಗೆ ಕೊನೆಗಾಲದಲ್ಲಿ ನಮ್ಮಪ್ಪ ಹುಬ್ಬಳ್ಳಿಯಲ್ಲಿ ಸೆಟ್ ಮಾಡಿಸಿಕೊಟ್ಟಿದ್ದ. ವಸಡು ಒತ್ತುತ್ತಿತ್ತು. ಸರಿ ಮಾಡಿಸಲು ಮತ್ತೆ ಎರಡು ಸಲ ಹೋಗಬೇಕಿತ್ತು, ಸುಗ್ಗಿ ಇತ್ತು, ಹೋಗಲಾಗಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಮುಚ್ಚಿ ಇಟ್ಟಿರುತ್ತಿದ್ದಳು. ಯಾರದಾದರೂ ಮದುವೆಗೆ ಹೋಗುವಾಗ ಹಾಕಿಕೊಂಡು, ಊಟಕ್ಕೆ ಕೂರುವ ಮೊದಲು ತೆಗೆದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು.